ಇಂಗ್ಲೆಂಡಿನ ಉತ್ತರದ ಮಿಲ್ ಹಳ್ಳಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ವೆಸ್ಟ್ ಯಾರ್ಕ್‌ಶೈರ್‌ನ ಕ್ಯಾಲ್ಡರ್ ಕಣಿವೆಯಲ್ಲಿ, ಕಲ್ಲಿನ ಸಾಲುಮನೆಯೊಂದರಲ್ಲಿ. ನಮ್ಮ ಬಾಗಿಲ ಮೆಟ್ಟಿಲು ನಡುವೆ ಬಟ್ಟಲಿನ ಹಾಗೆ ತಗ್ಗಾಗಿದೆ. ಮಳೆ ಬಂದರೆ ಅದರಲ್ಲಿ ನೀರು ನಿಲ್ಲುತ್ತದೆ. ತಲೆಮಾರುಗಳ ಕಾಲ ಬೆಳಗಿನ ಕತ್ತಲಲ್ಲಿ ಮಿಲ್ಲಿಗೆ ಹೊರಟವರ ಕಾಲು ಸವೆಸಿದ ತಗ್ಗು ಅದು. ಇಲ್ಲಿಯ ಮಿಲ್ ಮಾಲೀಕರ ಹೆಸರುಗಳೆಲ್ಲ ಬೀದಿಗಳ ಮೇಲೆ, ಚರ್ಚಿನ ಗೋಡೆಗಳ ಮೇಲೆ ಕೆತ್ತಿವೆ. ಮೆಟ್ಟಿಲು ಸವೆಸಿದವರ ಹೆಸರನ್ನು ಮಾತ್ರ ಹುಡುಕಬೇಕು. ನನಗೆ ಅವರ ಮೇಲೆಯೇ ಆಸೆ ಜಾಸ್ತಿ. ಊರಿಂದ ಬಂದ ನೆಂಟರು, ಲೀಡ್ಸ್ ಮತ್ತು ಮ್ಯಾಂಚೆಸ್ಟರ್‌ನ ಕನ್ನಡದ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮಿಲ್ ಹಳ್ಳಿ ಅಂದರೆ ಯಾವುದು? ಮ್ಯಾಂಚೆಸ್ಟರ್ ಕೂಡ ಮಿಲ್ಲುಗಳ ಊರೇ ಅಲ್ವಾ?

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆದು ಕರೆದು ನಮಗೆ ಮ್ಯಾಂಚೆಸ್ಟರ್ ಹೆಸರು ಬಾಯಿಪಾಠ ಆಗಿದೆ. ಆದರೆ ಮ್ಯಾಂಚೆಸ್ಟರ್ ಮುಖ್ಯವಾಗಿ ಪೇಟೆ. ಗೋದಾಮು, ದಲ್ಲಾಳಿ, ಹತ್ತಿ ವಿನಿಮಯ ಕೇಂದ್ರ, ಎಲ್ಲ ಅಲ್ಲಿ. ನೂಲು, ನೇಯ್ಗೆಯ ಕೆಲಸದ ಬಹುಪಾಲು ನಡೆದಿದ್ದು ಸುತ್ತಲಿನ ಊರುಗಳಲ್ಲಿ, ಬೆಟ್ಟದ ಕಣಿವೆಗಳ ಹಳ್ಳಿಗಳಲ್ಲಿ. ಒಂದು ಹೊಳೆ, ಅದರ ದಡದಲ್ಲಿ ಮಿಲ್ಲು, ಅದಕ್ಕೆ ಅಂಟಿಕೊಂಡ ಸಾಲುಮನೆ, ಒಂದು ಪ್ರಾರ್ಥನಾ ಮಂದಿರ, ಒಂದು ಅಂಗಡಿ. ಇಷ್ಟಿದ್ದರೆ ಅದು ಮಿಲ್ ಹಳ್ಳಿ. ಗೋಕಾಕ ಫಾಲ್ಸ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಘಟಪ್ರಭೆಯ ಜಲಪಾತದ ನೆತ್ತಿಯ ಮೇಲೆ 1880ರ ದಶಕದಲ್ಲಿ ಬ್ರಿಟಿಷ್ ಕಂಪನಿಯೊಂದು ನೂಲಿನ ಗಿರಣಿ ಹಾಕಿ, ಅದರ ಸುತ್ತ ಊರು ಬೆಳೆಸಿತು. ಅದೂ ಇದೇ ಜಾತಿಯ ಹಳ್ಳಿ.

ಈ ಮಿಲ್ಲುಗಳು ಬೆಟ್ಟದ ಮೂಲೆಗಳಲ್ಲೇ ಯಾಕೆ ಹುಟ್ಟಿದವು?

ನೀರು. ಉಗಿಯ ಯಂತ್ರಕ್ಕಿಂತ ಮೊದಲು ಚಕ್ರ ತಿರುಗಿಸಲು ಹರಿಯುವ ಹೊಳೆ ಬೇಕಿತ್ತು. ಪೆನ್ನೈನ್ಸ್ ಬೆಟ್ಟಸಾಲು ಉತ್ತರ ಇಂಗ್ಲೆಂಡಿನ ಬೆನ್ನೆಲುಬು. ನಮ್ಮ ಸಹ್ಯಾದ್ರಿಯ ಹಾಗೆ ಇದರ ಪಡುವಣ ಮಗ್ಗುಲಿಗೆ ಮಳೆ ಜಾಸ್ತಿ. ಅಲ್ಲಿಯ ತೇವದ ಗಾಳಿಯಲ್ಲಿ ಹತ್ತಿಯ ಎಳೆ ಬೇಗ ತುಂಡಾಗುವುದಿಲ್ಲ. ಆದ್ದರಿಂದ ಲ್ಯಾಂಕಶೈರ್ ಹತ್ತಿಯ ಸೀಮೆ ಆಯಿತು. ಮೂಡಣ ಮಗ್ಗುಲಿನ ಯಾರ್ಕ್‌ಶೈರ್ ಉಣ್ಣೆಯ ಸೀಮೆ. ಮರಳುಗಲ್ಲಿನ ಮೇಲೆ ಹರಿದು ಬರುವ ಮೆದು ನೀರು ಉಣ್ಣೆ ತೊಳೆಯಲು ಹೇಳಿಮಾಡಿಸಿದ್ದು.

ಎರಡೂ ಸೀಮೆ ಕೂಡುವ ಜಾಗ ನೋಡಬೇಕು ಅಂದರೆ ಟಾಡ್‌ಮಾರ್ಡನ್‌ಗೆ ಬನ್ನಿ. ಅಲ್ಲಿಯ ಟೌನ್ ಹಾಲ್ ಕಟ್ಟಿದಾಗ ಎರಡು ಕೌಂಟಿಗಳ ಗಡಿ ಆ ಕಟ್ಟಡದೊಳಗೇ ಹಾದುಹೋಗುತ್ತಿತ್ತು. ಮುಂಭಾಗದ ಕೆತ್ತನೆಯಲ್ಲಿ ಒಂದು ಕಡೆ ಹತ್ತಿ, ಇನ್ನೊಂದು ಕಡೆ ಉಣ್ಣೆ.

ಮಿಲ್ಲುಗಳಿಗೂ ಮುಂಚೆ ಇಲ್ಲಿ ಮನೆ ಮನೆಯಲ್ಲಿ ಕೈಮಗ್ಗ ಇತ್ತು. ಹೆಪ್ಟನ್‌ಸ್ಟಾಲ್, ಗೋಲ್ಕರ್ ಥರದ ಊರುಗಳಲ್ಲಿ ಹಳೆ ಮನೆಗಳ ಮೇಲ್ಮಹಡಿ ಗಮನಿಸಿ. ಒಂದರ ಪಕ್ಕ ಒಂದು, ಉದ್ದಕ್ಕೆ ಕಿಟಕಿಗಳೇ. ಮಗ್ಗದ ಮೇಲೆ ಬೆಳಕು ಬೀಳಲಿ ಅಂತ ಮಾಡಿದ್ದು. ಈ ಊರುಗಳೆಲ್ಲ ಗುಡ್ಡದ ಮೇಲಿವೆ. ಆಮೇಲೆ ನೀರು ಹುಡುಕಿಕೊಂಡು ಕೆಲಸ ಕೆಳಗಿಳಿಯಿತು, ಜನವೂ ಅದರ ಹಿಂದೆ ಇಳಿದರು. ಹೆಬ್ಡನ್ ಬ್ರಿಜ್ ಬೆಳೆದದ್ದು ಹಾಗೆ. ಕಣಿವೆ ಎಷ್ಟು ಕಡಿದು ಅಂದರೆ ಮನೆಯ ಮೇಲೆ ಮನೆ ಕಟ್ಟಿದರು. ಕೆಳಗಿನ ಮನೆಗೆ ಕೆಳಗಿನ ಬೀದಿಯಿಂದ ಬಾಗಿಲು, ಮೇಲಿನ ಮನೆಗೆ ಹಿಂದಿನ ಎತ್ತರದ ಬೀದಿಯಿಂದ ಬಾಗಿಲು.

ಸಾಲ್ಟೇರ್ ನೋಡಿದೆವು. ತುಂಬಾ ಚೆನ್ನಾಗಿದೆ. ಎಲ್ಲ ಹಳ್ಳಿಗಳೂ ಹಾಗೇ ಇದ್ದವಾ?

ಇಲ್ಲ. ಸಾಲ್ಟೇರ್ ನೋಡಿ ಉಳಿದದ್ದನ್ನು ಅಳೆಯಬೇಡಿ.

ಬ್ರ್ಯಾಡ್‌ಫರ್ಡ್‌ನ ಹೊಗೆ, ಕಾಲರಾ ಕಂಡ ಮಿಲ್ ಮಾಲೀಕ ಟೈಟಸ್ ಸಾಲ್ಟ್ ಊರ ಹೊರಗೆ ಏರ್ ನದಿಯ ದಡದಲ್ಲಿ ಹೊಸ ಮಿಲ್ಲು ಕಟ್ಟಿಸಿದರು. 1853ರ ಸೆಪ್ಟೆಂಬರ್ 20, ಅವರ 50ನೇ ಹುಟ್ಟುಹಬ್ಬದ ದಿನ ಮಿಲ್ಲು ಶುರುವಾಯಿತು. ಅವರ ಹೆಸರು ಮತ್ತು ನದಿಯ ಹೆಸರು ಕೂಡಿ ಊರಿನ ಹೆಸರು. ಅಲ್ಪಾಕಾ ಅನ್ನುವ ದಕ್ಷಿಣ ಅಮೆರಿಕದ ಪ್ರಾಣಿಯ ಉಣ್ಣೆಯ ಬಟ್ಟೆಯಿಂದ ಬಂದ ಹಣ. ಸುತ್ತ 800ಕ್ಕೂ ಹೆಚ್ಚು ಕಲ್ಲಿನ ಮನೆ, ಆಸ್ಪತ್ರೆ, ಶಾಲೆ, ಸ್ನಾನಗೃಹ, ಪಾರ್ಕು. ಮನೆ ಮನೆಗೆ ನೀರು, ಗ್ಯಾಸ್, ಪ್ರತ್ಯೇಕ ಪಾಯಿಖಾನೆ. ಆ ಕಾಲಕ್ಕೆ ಇದು ದೊಡ್ಡ ಮಾತು. ಸಾವಿರಾರು ಜನ ಇಲ್ಲಿ ಆರೋಗ್ಯವಾಗಿ ಬದುಕಿದರು ಅನ್ನುವುದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಮನೆ ಮಾಲೀಕನದು, ಕೆಲಸವೂ ಮಾಲೀಕನದು. ಕೆಲಸ ಹೋದರೆ ಸೂರೂ ಹೋಗುತ್ತದೆ. ಊರಲ್ಲಿ ಹೆಂಡದಂಗಡಿ ಇಲ್ಲ. ಬೀದಿಗೆ ಅಡ್ಡ ಹಗ್ಗ ಕಟ್ಟಿ ಬಟ್ಟೆ ಒಣಹಾಕುವ ಹಾಗಿಲ್ಲ. ಮೇಸ್ತ್ರಿಗಳ ಮನೆ ದೊಡ್ಡದು, ಕೂಲಿಗಳ ಮನೆ ಚಿಕ್ಕದು. ಇವತ್ತಿಗೂ ಬೀದಿಯಲ್ಲಿ ನಡೆದರೆ ಯಾರ ದರ್ಜೆ ಏನಿತ್ತು ಅಂತ ಗೋಡೆ ನೋಡಿ ಹೇಳಬಹುದು. ಬೀದಿಗಳಿಗೆ ಸಾಲ್ಟ್ ಅವರ ಹೆಂಡತಿ, ಮಕ್ಕಳ ಹೆಸರು.

ಇಂಥ ಯೋಜಿತ ಊರುಗಳು ಬೆರಳೆಣಿಕೆಯಷ್ಟು. ಹ್ಯಾಲಿಫ್ಯಾಕ್ಸ್ ಹತ್ತಿರ ಎಡ್ವರ್ಡ್ ಆಕ್ರಾಯ್ಡ್ ಕಟ್ಟಿಸಿದ ಕೋಪ್ಲಿ, ಆಕ್ರಾಯ್ಡನ್ ಇವೆ. ಉಳಿದ ನೂರಾರು ಹಳ್ಳಿಗಳು ಯಾರೂ ನಕ್ಷೆ ಬರೆಯದೆ, ಒಂದೊಂದು ಸಾಲು ಸೇರುತ್ತ ಬೆಳೆದವು. ಎಷ್ಟೋ ಕಡೆ ಹಿಂಗೋಡೆ ಹಂಚಿಕೊಂಡ, ಒಂದೇ ಕಡೆ ಕಿಟಕಿ ಇರುವ ಮನೆಗಳು. ನಾಲ್ಕೈದು ಸಂಸಾರಕ್ಕೆ ಸೇರಿ ಒಂದು ಪಾಯಿಖಾನೆ.

ಚಿಕ್ಕ ಮಕ್ಕಳೂ ದುಡಿದರು ಅಂತಾರೆ. ನಿಜವಾ?

ನಿಜ. ಇದನ್ನು ಮೃದು ಮಾಡಿ ಹೇಳಲು ನನಗೆ ಮನಸ್ಸಿಲ್ಲ.

ಚೆಶೈರ್‌ನ ಸ್ಟಯಾಲ್ ಊರಲ್ಲಿ ಕ್ವಾರಿ ಬ್ಯಾಂಕ್ ಮಿಲ್ ಇದೆ. 1784ರಲ್ಲಿ ಸ್ಯಾಮ್ಯುಯೆಲ್ ಗ್ರೆಗ್ ಸ್ಥಾಪಿಸಿದ್ದು. ಹೊಳೆ ಇತ್ತು, ಜನ ಇರಲಿಲ್ಲ. ಅನಾಥಾಲಯದಂಥ ಬಡವರ ಮನೆಗಳಿಂದ ಮಕ್ಕಳನ್ನು ಕರಾರಿನ ಮೇಲೆ ಕರೆತಂದರು. 1790ರಲ್ಲಿ ಅವರಿಗೆಂದೇ ಒಂದು ಮನೆ ಕಟ್ಟಿದರು. ಊಟ, ಬಟ್ಟೆ, ಹಾಸಿಗೆ, ಒಂದಿಷ್ಟು ಪಾಠ. ಬದಲಿಗೆ ದಿನಕ್ಕೆ 12 ಗಂಟೆಯ ಕೆಲಸ. ಆ ಮನೆ ಈಗಲೂ ಇದೆ, ಒಳಗೆ ಹೋಗಿ ನೋಡಬಹುದು. 1806ರಲ್ಲಿ ಜೋಸೆಫ್ ಸೆಫ್ಟನ್, ಥಾಮಸ್ ಪ್ರೀಸ್ಟ್ಲಿ ಅನ್ನುವ ಇಬ್ಬರು ಹುಡುಗರು ಅಲ್ಲಿಂದ ಓಡಿಹೋಗಿ ಲಂಡನ್‌ವರೆಗೆ ಹೋದರು. ಪ್ರೀಸ್ಟ್ಲಿಗೆ ಅಮ್ಮನನ್ನು ನೋಡಬೇಕಿತ್ತು. ಯಂತ್ರಕ್ಕೆ ಸಿಕ್ಕಿ ಅವನ ಒಂದು ಬೆರಳು ಹೋಗಿತ್ತು. ಸಿಕ್ಕಿಬಿದ್ದ ಮೇಲೆ ಅಧಿಕಾರಿಗಳ ಮುಂದೆ ಕೊಟ್ಟ ಹೇಳಿಕೆಯಿಂದಲೇ ಈ ಹುಡುಗರ ಮಾತು ನಮಗೆ ಉಳಿದಿದೆ. ಗ್ರೆಗ್ ಕುಟುಂಬಕ್ಕೆ ಕೆರಿಬಿಯನ್‌ನ ಡೊಮಿನಿಕಾದಲ್ಲಿ ಗುಲಾಮರು ದುಡಿಯುತ್ತಿದ್ದ ತೋಟವೂ ಇತ್ತು. ಅದನ್ನು ಬಿಟ್ಟು ಈ ಮಿಲ್ಲಿನ ಕಥೆ ಹೇಳಿದರೆ ಅರ್ಧ ಹೇಳಿದಂತೆ.

ಹಡರ್ಸ್‌ಫೀಲ್ಡ್ ಹತ್ತಿರದ ಕೋಲ್ನ್ ಬ್ರಿಜ್‌ನಲ್ಲಿ 1818ರ ಫೆಬ್ರುವರಿ 14ರ ಬೆಳಗಿನ ಜಾವ ಏನಾಯಿತು ಅಂತಲೂ ಹೇಳಬೇಕು. ರಾತ್ರಿ ಪಾಳಿ ನಡೆಯುತ್ತಿತ್ತು. ಕೆಳಗಿನಿಂದ ಸಾಮಾನು ತರಲು ಒಬ್ಬ ಹುಡುಗನನ್ನು ಕಳಿಸಿದರು. ಕೈಗೆ ದೀಪದ ಬದಲು ಮೇಣದಬತ್ತಿ ಕೊಟ್ಟರು. ಅರಳೆಗೆ ಕಿಡಿ ತಾಗಿತು. ಹತ್ತಿಯ ಧೂಳು ತುಂಬಿದ ಕಟ್ಟಡ, ಹೊತ್ತಿಕೊಳ್ಳಲು ಎಷ್ಟು ಹೊತ್ತು? 17 ಹೆಣ್ಣುಮಕ್ಕಳು ಸತ್ತರು. ಎಲ್ಲರಿಗಿಂತ ಚಿಕ್ಕವಳಿಗೆ 9 ವರ್ಷ. ಕರ್ಕ್‌ಹೀಟನ್ ಚರ್ಚಿನ ಅಂಗಳದಲ್ಲಿ ಅವರ ಸ್ಮಾರಕ ಇದೆ. ಮಿಲ್ ಕೆಲಸಗಾರರ ಹೆಸರು ಕಲ್ಲಿನ ಮೇಲೆ ಸಿಗುವ ಅಪರೂಪದ ಜಾಗ ಅದು. ಹೋದಾಗ ಒಂದೊಂದು ಹೆಸರನ್ನೂ ಓದಿ.

ಕಾನೂನು ನಿಧಾನವಾಗಿ ಬಂತು. 1833ರ ಕಾಯ್ದೆ ಬಟ್ಟೆ ಮಿಲ್ಲುಗಳಲ್ಲಿ 9 ವರ್ಷದೊಳಗಿನವರ ಕೆಲಸ ನಿಲ್ಲಿಸಿ, ತಪಾಸಣೆಗೆ ಇನ್ಸ್‌ಪೆಕ್ಟರುಗಳನ್ನು ನೇಮಿಸಿತು. 1847ರ ಕಾಯ್ದೆ ಹೆಂಗಸರಿಗೆ ಮತ್ತು ಹದಿಹರೆಯದವರಿಗೆ ದಿನಕ್ಕೆ 10 ಗಂಟೆಯ ಮಿತಿ ಹಾಕಿತು. ನಡುವೆ 1844ರಲ್ಲಿ ‘ಹಾಫ್ ಟೈಮ್’ ಪದ್ಧತಿ ಗಟ್ಟಿಯಾಯಿತು. ಮಗು ಅರ್ಧ ದಿನ ಮಿಲ್ಲು, ಅರ್ಧ ದಿನ ಶಾಲೆ. ಬೆಳಿಗ್ಗೆ ಆರಕ್ಕೆ ಎದ್ದು ದುಡಿದ ಮಗು ಮಧ್ಯಾಹ್ನ ಬೆಂಚಿನ ಮೇಲೆ ತೂಕಡಿಸುತ್ತಿತ್ತು. ಈ ಪದ್ಧತಿಗೆ ಕೊನೆ ಹಾಡಿದ್ದು 1918ರ ಶಿಕ್ಷಣ ಕಾಯ್ದೆ. ಅಂದರೆ ಇದು ತೀರಾ ಹಳೆ ಕಾಲದ ಮಾತಲ್ಲ. ಈಗ ಎಪ್ಪತ್ತು ಎಂಬತ್ತು ವರ್ಷದವರನ್ನು ಕೇಳಿ, ಅವರ ಅಜ್ಜಿ ಹಾಫ್ ಟೈಮರ್ ಆಗಿದ್ದರು ಅಂತಾರೆ.

ಮಿಲ್ಲಿನ ಒಂದು ದಿನ ಹೇಗಿರುತ್ತಿತ್ತು?

ದಿನ ಶುರುವಾಗುತ್ತಿದ್ದುದು ಕಿಟಕಿಯ ಮೇಲಿನ ಸದ್ದಿನಿಂದ. ಅಲಾರಂ ಗಡಿಯಾರ ಎಲ್ಲರ ಹತ್ತಿರ ಇರಲಿಲ್ಲ. ಎಬ್ಬಿಸಲು ಒಬ್ಬರಿಗೆ ವಾರಕ್ಕೆ ಇಷ್ಟು ಅಂತ ಚಿಲ್ಲರೆ ಕೊಡುತ್ತಿದ್ದರು. ಅವರು ಉದ್ದನೆಯ ಕೋಲಿನ ತುದಿಗೆ ತಂತಿ ಕಟ್ಟಿಕೊಂಡು ಮೇಲ್ಮಹಡಿಯ ಗಾಜನ್ನು ಗೀರುತ್ತಿದ್ದರು. ಒಳಗಿನವರು ಎದ್ದು ಕೈ ತೋರಿಸುವ ತನಕ ಬಿಡುತ್ತಿರಲಿಲ್ಲ.

ಆಮೇಲೆ ಕ್ಲಾಗ್‌ಗಳ ಸದ್ದು. ಮರದ ಅಟ್ಟೆ, ಮೇಲೆ ಚರ್ಮ, ಅಡಿಗೆ ಕುದುರೆ ಲಾಳದ ಥರ ಕಬ್ಬಿಣದ ಪಟ್ಟಿ. ಕತ್ತಲಲ್ಲಿ ನೂರಾರು ಜನ ಕಲ್ಲು ಹಾಸಿದ ಬೀದಿಯಲ್ಲಿ ಒಟ್ಟಿಗೆ ಇಳಿಯುವಾಗ ಏಳುವ ಸದ್ದನ್ನು ಇಲ್ಲಿಯ ಹಿರಿಯರು ಇನ್ನೂ ಮರೆತಿಲ್ಲ. ಮಕ್ಕಳು ಕಬ್ಬಿಣವನ್ನು ಕಲ್ಲಿಗೆ ಉಜ್ಜಿ ಕಿಡಿ ಹಾರಿಸುತ್ತಿದ್ದರು. ತಡವಾದರೆ ಗೇಟು ಮುಚ್ಚುತ್ತಿತ್ತು, ಕೂಲಿಗೆ ಕತ್ತರಿ.

ನೇಯ್ಗೆಯ ಶೆಡ್ಡಿನೊಳಗಿನ ಗದ್ದಲವನ್ನು ಬರೆದು ತಿಳಿಸುವುದು ಕಷ್ಟ. ಬರ್ನ್ಲಿ ಹತ್ತಿರದ ಹಾರ್ಲ್ ಸೈಕ್ ಹಳ್ಳಿಯಲ್ಲಿ ಕ್ವೀನ್ ಸ್ಟ್ರೀಟ್ ಮಿಲ್ ಇದೆ. ಹಳ್ಳಿಯವರೇ ಷೇರು ಹಾಕಿ ಕಟ್ಟಿದ ಮಿಲ್ಲು. 1982ರ ತನಕ ಉಗಿಯಿಂದಲೇ ನಡೆಯಿತು. ಈಗ ಮ್ಯೂಸಿಯಂ. 1895ರ ಉಗಿ ಎಂಜಿನ್ನಿಗೆ ಮೊದಲ ಮಹಾಯುದ್ಧದ ನಂತರ ‘ಪೀಸ್’ ಅಂತ ಹೆಸರಿಟ್ಟರು. ಶಾಂತಿ. ಶೆಡ್ಡಿನಲ್ಲಿ 300ಕ್ಕೂ ಹೆಚ್ಚು ಮಗ್ಗಗಳಿವೆ. ತೋರಿಸಲು ನಾಲ್ಕೈದು ಮಗ್ಗ ಓಡಿಸಿದರೆ ಸಾಕು, ಪಕ್ಕದವರ ಮಾತು ಕೇಳುವುದಿಲ್ಲ, ಪಾದದಡಿ ನೆಲ ನಡುಗುತ್ತದೆ. ಮುನ್ನೂರೂ ಒಟ್ಟಿಗೆ ಓಡಿದ್ದನ್ನು ಯೋಚಿಸಿ.

ಆ ಗದ್ದಲದಲ್ಲಿ ಹೆಂಗಸರು ಒಂದು ಭಾಷೆ ಮಾಡಿಕೊಂಡರು. ಅದಕ್ಕೆ ‘ಮೀ-ಮಾ’ ಅಂತ ಹೆಸರು. ದನಿ ಇಲ್ಲ. ತುಟಿಯನ್ನು ದೊಡ್ಡದಾಗಿ ಆಡಿಸಿ, ಮುಖ, ಕೈ ಸೇರಿಸಿ ಮಾತಾಡುವುದು. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಸುದ್ದಿ ಹೋಗುತ್ತಿತ್ತು. ನಮ್ಮ ಬೀದಿಯ ಅಜ್ಜಿಯೊಬ್ಬರು ಚಿಕ್ಕ ವಯಸ್ಸಿನಲ್ಲಿ ನೇಕಾರ್ತಿ. ಈಗಲೂ ಕಿಟಕಿಯ ಆಚೆಯಿಂದ ಅವರು ನನ್ನ ಹತ್ತಿರ ಮಾತಾಡುವುದು ಹಾಗೆಯೇ. ‘ಟೀ ಕುಡೀತೀಯಾ?’ ಅನ್ನುವುದು ಗಾಜಿನ ಮೂಲಕ ಒಂದಕ್ಷರ ಬಿಡದೆ ತಿಳಿಯುತ್ತದೆ. ಬಸ್ಸಿನಲ್ಲಿ ಕೊನೆಯ ಸೀಟಿನವರು ಏನು ಮಾತಾಡುತ್ತಾರೆ ಅಂತ ಮುಂದಿನ ಸೀಟಿನಿಂದ ತಿರುಗಿ ನೋಡಿ ಹೇಳುತ್ತಾರೆ.

ದೇಹ ತೆತ್ತ ಬೆಲೆ ಬೇರೆ. ಕಿವಿ ಮಂದ ಆಗುವುದು ಮಾಮೂಲು. ಹತ್ತಿಯ ಧೂಳು ಎದೆಗೆ ಇಳಿದು ಉಸಿರಾಟದ ರೋಗ ಬರುತ್ತಿತ್ತು. ಭಾನುವಾರದ ರಜೆ ಕಳೆದು ಸೋಮವಾರ ಕೆಲಸಕ್ಕೆ ಹೋದಾಗ ಎದೆ ಬಿಗಿಯುವುದು ಅದರ ಮೊದಲ ಗುರುತು. ಇನ್ನೊಂದು, ಲಾಳಿಗೆ ಮುತ್ತು ಕೊಡುವುದು. ಲಾಳಿ ಅಂದರೆ ಮಗ್ಗದಲ್ಲಿ ಅಡ್ಡನೂಲು ಹೊತ್ತು ಆಚೆ ಈಚೆ ಓಡುವ ಸಾಧನ, ಕಂಡಿಕೆ ಅಂದರೆ ಅದರೊಳಗಿನ ನೂಲು ಸುತ್ತಿದ ಕೊಳವೆ. ಹೊಸ ಕಂಡಿಕೆ ಹಾಕಿದಾಗ ನೂಲಿನ ತುದಿಯನ್ನು ಲಾಳಿಯ ಸಣ್ಣ ತೂತಿನಿಂದ ಹೊರಗೆ ತರಬೇಕು. ಬಾಯಿ ಇಟ್ಟು ಒಂದೇ ಉಸಿರಿಗೆ ಎಳೆಯುತ್ತಿದ್ದರು. ಒಂದೇ ಲಾಳಿಗೆ ಹತ್ತಾರು ಜನರ ಬಾಯಿ. ಧೂಳು ಒಳಗೆ ಹೋಗುತ್ತಿತ್ತು, ಒಬ್ಬರ ಕಾಯಿಲೆ ಇನ್ನೊಬ್ಬರಿಗೆ ಬರುತ್ತಿತ್ತು. ಲ್ಯಾಂಕಶೈರ್‌ನಲ್ಲಿ ಇದನ್ನು ನಿಷೇಧಿಸಿದ್ದು 1952ರಲ್ಲಿ.

ಹೆಂಗಸರಿಗೆ ಗಂಡಸರಷ್ಟೇ ಕೂಲಿ ಸಿಗುತ್ತಿತ್ತಾ?

ಲ್ಯಾಂಕಶೈರ್‌ನ ನೇಯ್ಗೆಯಲ್ಲಿ ದರ ಒಂದೇ. ನೇಯ್ದ ಬಟ್ಟೆಯ ಲೆಕ್ಕದ ಮೇಲೆ ದುಡ್ಡು. ಆ ಕಾಲಕ್ಕೆ ಇದು ಅಪರೂಪ. ಆದರೆ ಮಗ್ಗ ರಿಪೇರಿ ಮಾಡುವ ಟ್ಯಾಕ್ಲರ್, ಮೇಸ್ತ್ರಿ ಕೆಲಸಗಳು ಗಂಡಸರ ಕೈಯಲ್ಲೇ ಇದ್ದವು. ಹೆಂಗಸರು ಮನೆಗೆ ಬಂದ ಮೇಲೆ ಒಲೆ, ಬಟ್ಟೆ, ಮಕ್ಕಳು. ಅದಕ್ಕೆ ಕೂಲಿ ಇಲ್ಲ.

ಕೈಯಲ್ಲಿ ಸ್ವಂತ ದುಡ್ಡು, ಹಿಂದೆ ಯೂನಿಯನ್ ಇದ್ದ ಈ ಹೆಂಗಸರು ಮತದ ಹಕ್ಕು ಕೇಳಿದರು. 1901ರಲ್ಲಿ ಲ್ಯಾಂಕಶೈರ್‌ನ 29,359 ಮಿಲ್ ಹೆಂಗಸರ ಸಹಿ ಇದ್ದ ಅರ್ಜಿ ಪಾರ್ಲಿಮೆಂಟಿಗೆ ಹೋಯಿತು. ಓಲ್ಡಮ್ ಹತ್ತಿರದ ಸ್ಪ್ರಿಂಗ್‌ಹೆಡ್ ಹಳ್ಳಿಯ ಆನಿ ಕೆನಿ ಹತ್ತನೇ ವಯಸ್ಸಿಗೆ ಹಾಫ್ ಟೈಮರ್ ಆಗಿ ಮಿಲ್ಲು ಸೇರಿದವರು. ಅಲ್ಲೇ ಒಂದು ಬೆರಳು ಕಳೆದುಕೊಂಡರು. 1905ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್ ಸಭೆಯಲ್ಲಿ ಎದ್ದು ನಿಂತು, ಹೆಂಗಸರಿಗೆ ಮತ ಕೊಡುತ್ತೀರಾ ಅಂತ ಕೇಳಿ ಜೈಲಿಗೆ ಹೋದರು. 2018ರಲ್ಲಿ ಓಲ್ಡಮ್‌ನಲ್ಲಿ ಅವರ ಪ್ರತಿಮೆ ನಿಲ್ಲಿಸಿದರು.

ಮನೆ, ಅಂಗಡಿ, ನೆರೆಹೊರೆ ಹೇಗಿತ್ತು?

ಹೆಂಗಸರು ಬಾಗಿಲ ಮೆಟ್ಟಿಲು ತೊಳೆದು, ಒಂದು ಬಗೆಯ ಮೆದುಗಲ್ಲಿನಿಂದ ಅದರ ಅಂಚಿಗೆ ಬಿಳಿ ಅಥವಾ ಕೆನೆ ಬಣ್ಣ ಉಜ್ಜುತ್ತಿದ್ದರು. ನನಗೆ ಇದನ್ನು ಮೊದಲ ಸಲ ಕೇಳಿದಾಗ ಅಮ್ಮ ಬಾಗಿಲು ಸಾರಿಸಿ ರಂಗೋಲಿ ಇಡುವುದು ನೆನಪಾಯಿತು. ಯಾರ ಮೆಟ್ಟಿಲು ಮಾಸಿದೆ ಅಂತ ಬೀದಿ ಗಮನಿಸುತ್ತಿತ್ತು. ಹಳೆ ಬಟ್ಟೆ ಕೊಳ್ಳಲು ಗಾಡಿಯವನು ಬಂದರೆ ಬದಲಿಗೆ ಈ ಕಲ್ಲನ್ನೇ ಕೊಡುತ್ತಿದ್ದ. ನಮ್ಮಲ್ಲಿ ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹಾಗೆ.

ಅಂಗಡಿಯ ವಿಷಯಕ್ಕೆ ಬಂದರೆ ಮ್ಯಾಂಚೆಸ್ಟರ್ ಹತ್ತಿರದ ರಾಚ್‌ಡೇಲ್ ಊರಿನ ಹೆಸರು ಹೇಳಲೇಬೇಕು. ಕಲಬೆರಕೆ ಹಿಟ್ಟು, ಮೋಸದ ತೂಕ, ಮುಗಿಯದ ಸಾಲ. ಇದರಿಂದ ಬೇಸತ್ತ 28 ಜನ, ಅವರಲ್ಲಿ ಎಷ್ಟೋ ಮಂದಿ ನೇಕಾರರು, ಚಿಲ್ಲರೆ ಕೂಡಿಸಿ 1844ರ ಡಿಸೆಂಬರ್ 21ರಂದು ಟೋಡ್ ಲೇನ್‌ನಲ್ಲಿ ಸ್ವಂತ ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ, ಅಷ್ಟೇ ಸಾಮಾನು. ಸರಿಯಾದ ತೂಕ, ಒಬ್ಬರಿಗೆ ಒಂದು ಮತ, ಖರೀದಿಗೆ ತಕ್ಕ ಲಾಭಾಂಶ. ಲೋಕದ ಸಹಕಾರಿ ಚಳವಳಿ ಆ ಪುಟ್ಟ ಅಂಗಡಿಯನ್ನು ತನ್ನ ತವರು ಅಂತ ಲೆಕ್ಕ ಇಡುತ್ತದೆ. ಕಟ್ಟಡ ಈಗ ಮ್ಯೂಸಿಯಂ. ಸೊಸೈಟಿ ಅಂಗಡಿಯ ಕ್ಯೂನಲ್ಲಿ ನಿಂತು ಬೆಳೆದ ನಮ್ಮಂಥವರಿಗೆ ಅಲ್ಲಿ ಹೋದಾಗ ಎದೆ ತುಂಬಿ ಬರುತ್ತದೆ.

ರಜೆ ಇತ್ತಾ?

ವರ್ಷಕ್ಕೊಂದು ವಾರ. ‘ವೇಕ್ಸ್ ವೀಕ್’ ಅಂತಾರೆ. ಮೂಲದಲ್ಲಿ ಊರ ಚರ್ಚಿನ ಹಬ್ಬ, ನಮ್ಮ ಊರಹಬ್ಬ ಇದ್ದಂತೆ. ಆಮೇಲೆ ಇಡೀ ಊರಿನ ಮಿಲ್ಲುಗಳು ಒಟ್ಟಿಗೆ ಮುಚ್ಚುವ ವಾರ ಆಯಿತು. ಒಂದೊಂದು ಊರಿಗೆ ಒಂದೊಂದು ವಾರ. ಜನ ರೈಲು ಹತ್ತಿ ಬ್ಲಾಕ್‌ಪೂಲ್ ಕಡಲಿಗೆ ಹೋಗುತ್ತಿದ್ದರು. ಹೋದರೆ ಅಲ್ಲೂ ಅದೇ ಬೀದಿಯವರು, ಅದೇ ಶೆಡ್ಡಿನವರು. 1938ರ ಕಾಯ್ದೆಗೆ ಮುಂಚೆ ಆ ವಾರಕ್ಕೆ ಕೂಲಿ ಇರಲಿಲ್ಲ. ವರ್ಷವಿಡೀ ಕ್ಲಬ್ಬಿನಲ್ಲಿ ಪೆನ್ನಿ ಪೆನ್ನಿ ಕೂಡಿಟ್ಟ ದುಡ್ಡು ಒಂದೇ ವಾರಕ್ಕೆ ಖರ್ಚು. ಊರಲ್ಲಿ ಉಳಿದವರ ನೆನಪು ಬೇರೆ: ಚಿಮಣಿಗಳ ಹೊಗೆ ನಿಂತು ಎದುರಿನ ಬೆಟ್ಟ ಸ್ಪಷ್ಟ ಕಾಣುತ್ತಿದ್ದುದು ಆ ವಾರ ಮಾತ್ರ.

ಈ ಹಳ್ಳಿಗಳಿಗೂ ನಮ್ಮ ಕರ್ನಾಟಕಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ, ಅದೂ ಹತ್ತಿರದ್ದೇ. ಬಂದವರಿಗೆ ನಾನು ಈ ಕಥೆ ಹೇಳದೆ ಕಳಿಸುವುದಿಲ್ಲ.

ಲ್ಯಾಂಕಶೈರ್‌ನಲ್ಲಿ ಒಂದು ಹತ್ತಿ ಗಿಡವೂ ಬೆಳೆಯುವುದಿಲ್ಲ. ಅರಳೆಯಲ್ಲಿ ಹೆಚ್ಚಿನ ಪಾಲು ಬರುತ್ತಿದ್ದುದು ಅಮೆರಿಕದ ದಕ್ಷಿಣದಿಂದ, ಗುಲಾಮರು ಬಿಡಿಸಿದ ಹತ್ತಿ. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಬಂದರುಗಳು ಮುಚ್ಚಿದವು. ಇಲ್ಲಿ ಮಿಲ್ಲುಗಳು ನಿಂತವು. 1862ರ ಚಳಿಗಾಲದ ಹೊತ್ತಿಗೆ ಸುಮಾರು 5 ಲಕ್ಷ ಜನ ಪರಿಹಾರದ ಮೇಲೆ ಬದುಕುತ್ತಿದ್ದರು. ನಮ್ಮಲ್ಲಿ ಬರಗಾಲದ ಕಾಮಗಾರಿ ಮಾಡಿಸುವ ಹಾಗೆ ಇಲ್ಲೂ ರಸ್ತೆ ಮಾಡಿಸಿದರು. ರಾಚ್‌ಡೇಲ್ ಮೇಲಿನ ರೂಲಿ ಮೂರ್ ಗುಡ್ಡದಲ್ಲಿ ಅಂಥ ಕಲ್ಲುಹಾಸಿನ ರಸ್ತೆ ಇನ್ನೂ ಇದೆ. ಹಸಿದಿದ್ದರೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರ್‌ನ ಕೆಲಸಗಾರರು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ನಾವು ನಿಮ್ಮ ಜೊತೆ ಇದ್ದೇವೆ ಅಂತ ಲಿಂಕನ್‌ಗೆ ಪತ್ರ ಬರೆದರು. ಲಿಂಕನ್ ಉತ್ತರ ಬರೆದರು. ಎಲ್ಲರ ಮನಸ್ಸೂ ಒಂದೇ ಆಗಿರಲಿಲ್ಲ, ದಕ್ಷಿಣದ ಪರ ಇದ್ದ ಊರುಗಳೂ ಇದ್ದವು. ಆದರೂ ಆ ಪತ್ರ ದೊಡ್ಡದು.

ಅಮೆರಿಕದ ಹತ್ತಿ ನಿಂತಾಗ ಮಾಲೀಕರ ಕಣ್ಣು ಬಿದ್ದಿದ್ದು ಭಾರತದ ಮೇಲೆ. ಪಶ್ಚಿಮ ಭಾರತದ ಹತ್ತಿಗೆಲ್ಲ ಇಲ್ಲಿ ‘ಸೂರತ್’ ಅಂತ ಒಂದೇ ಹೆಸರು. ಎಳೆ ಗಿಡ್ಡ, ಕಸ ಜಾಸ್ತಿ. ಪದೇ ಪದೇ ತುಂಡಾಗಿ ನೇಕಾರರ ಕೂಲಿ ಕಡಿಮೆಯಾಗುತ್ತಿತ್ತು. ದೇವರೇ ಹತ್ತಿ ಕೊಡು, ಸೂರತ್ ಮಾತ್ರ ಬೇಡ ಅಂತ ಪ್ರಾರ್ಥಿಸಿದರು ಅನ್ನುವ ಮಾತು ಇನ್ನೂ ಓಡಾಡುತ್ತದೆ. ಇದರಲ್ಲಿ ನಮ್ಮ ಧಾರವಾಡ ಸೀಮೆಯ ಮಾತೇ ಬೇರೆ. ಅಲ್ಲಿ 1840ರ ದಶಕದಲ್ಲೇ ಅಮೆರಿಕದ ಬೀಜ ಹಾಕಿ ನೋಡಿದ್ದರು. ‘ಧಾರವಾಡ ಅಮೆರಿಕನ್’ ಅಂತ ಆ ಹತ್ತಿಗೆ ಇಲ್ಲಿಯ ಪೇಟೆಯಲ್ಲಿ ಬೇರೆ ಹೆಸರೇ ಇತ್ತು. ಅದನ್ನು ಹಡಗಿಗೆ ಹಾಕಲು ಕಾರವಾರ, ಸದಾಶಿವಗಡದ ಕಡೆ ಬಂದರು ಬೇಕು ಅಂತ ಮ್ಯಾಂಚೆಸ್ಟರ್ ವರ್ತಕರು ಸರ್ಕಾರದ ಬೆನ್ನು ಬಿದ್ದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈ ಆಡಳಿತಕ್ಕೆ ಹೋಗಿದ್ದರ ಹಿಂದೆ ಈ ಹತ್ತಿಯ ಒತ್ತಡ ಇತ್ತು. ಯುದ್ಧ ಮುಗಿದದ್ದೇ, 1865ರಲ್ಲಿ ಬೆಲೆ ಕುಸಿಯಿತು. ಏರಿದ ಬೆಲೆ ನಂಬಿ ಸಾಲ ಮಾಡಿದವರ ಗತಿ ಏನಾಯಿತು ಅಂತ ಹತ್ತಿ ಬೆಳೆಯುವ ಮನೆಯವರಿಗೆ ನಾನು ಹೇಳಬೇಕಾಗಿಲ್ಲ.

ನೇಯ್ದದ್ದು ಮತ್ತೆ ನಮ್ಮಲ್ಲಿಗೇ ಬರುತ್ತಿತ್ತು. ಬ್ಲಾಕ್‌ಬರ್ನ್, ಡಾರ್ವೆನ್ ಸುತ್ತ ಭಾರತಕ್ಕೆಂದೇ ಧೋತರ ನೇಯುತ್ತಿದ್ದರು. ಇಲ್ಲಿಯ ನೇಕಾರರ ಬಾಯಲ್ಲಿ ಆ ಬಟ್ಟೆಯ ಹೆಸರೂ ‘ಧೂತಿ’. ಡಾರ್ವೆನ್‌ನ ದೊಡ್ಡ ಮಿಲ್ಲಿನ ಹೆಸರು ಇಂಡಿಯಾ ಮಿಲ್. ಅದರ 303 ಅಡಿ ಎತ್ತರದ ಚಿಮಣಿ ಈಗಲೂ ನಿಂತಿದೆ. ಈ ಅಗ್ಗದ ಬಟ್ಟೆ ನಮ್ಮ ಕೈಮಗ್ಗದವರ ಹೊಟ್ಟೆಯ ಮೇಲೆ ಹೊಡೆಯಿತು. ಇಲ್ಲಿಯ ನೇಕಾರ್ತಿಯ ಕಷ್ಟ ಎಷ್ಟು ನಿಜವೋ ಅದೂ ಅಷ್ಟೇ ನಿಜ.

ಗಾಂಧೀಜಿ ಇಲ್ಲಿಗೆ ಬಂದಿದ್ದರಂತೆ?

ಹೌದು, 1931ರ ಸೆಪ್ಟೆಂಬರ್ ಕೊನೆಯಲ್ಲಿ, ದುಂಡು ಮೇಜಿನ ಪರಿಷತ್ತಿಗೆ ಬಂದಿದ್ದಾಗ. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡವರ ಊರಿಗೇ ಹೋದರು. ಡಾರ್ವೆನ್‌ನ ಸ್ಪ್ರಿಂಗ್ ವೇಲ್‌ನಲ್ಲಿ ಉಳಿದರು. ಗ್ರೀನ್‌ಫೀಲ್ಡ್ ಮಿಲ್ಲಿನ ಹೊರಗೆ ತೆಗೆದ ಫೋಟೋ ನೀವು ನೋಡಿರುತ್ತೀರಿ. ಬಿಳಿ ಹೊದಿಕೆಯ ಗಾಂಧಿ ನಡುವೆ, ಸುತ್ತ ಮಿಲ್ ಹೆಂಗಸರು, ಕೈ ಮೇಲೆತ್ತಿ ನಗುತ್ತಿದ್ದಾರೆ. ನಿಮ್ಮಲ್ಲಿ 30 ಲಕ್ಷ ನಿರುದ್ಯೋಗಿಗಳಿದ್ದಾರೆ, ನಮ್ಮಲ್ಲಿ ಕೋಟಿಗಟ್ಟಲೆ ಜನಕ್ಕೆ ಅರ್ಧ ವರ್ಷ ಕೆಲಸವಿಲ್ಲ ಅಂತ ಅವರು ವಿವರಿಸಿದರು. ಬಹಿಷ್ಕಾರ ವಾಪಸ್ ತೆಗೆಯಲಿಲ್ಲ. ಆದರೂ ಆ ಹೆಂಗಸರು ಚಪ್ಪಾಳೆ ತಟ್ಟಿದರು. ಆ ಫೋಟೋದಲ್ಲಿ ಗಾಂಧೀಜಿ ಮುಖವನ್ನು ಎಲ್ಲರೂ ನೋಡುತ್ತಾರೆ. ಒಮ್ಮೆ ಆ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿ.

ಹಾಗಾದರೆ ಬಹಿಷ್ಕಾರದಿಂದಲೇ ಮಿಲ್ಲುಗಳು ಮುಚ್ಚಿದವಾ?

ಅದೊಂದರಿಂದ ಅಲ್ಲ. 1913ರಲ್ಲಿ ಬ್ರಿಟನ್ ಹೊರಗೆ ಕಳಿಸಿದ ಹತ್ತಿ ಬಟ್ಟೆ ಸುಮಾರು 700 ಕೋಟಿ ಗಜ. ಅದರಲ್ಲಿ ಸುಮಾರು 300 ಕೋಟಿ ಭಾರತಕ್ಕೇ. ಒಂದೇ ಗಿರಾಕಿಯ ಮೇಲೆ ಇಷ್ಟು ಭಾರ. ಮೊದಲ ಮಹಾಯುದ್ಧದಲ್ಲಿ ಹಡಗು ನಿಂತಾಗ ಮುಂಬೈ, ಅಹಮದಾಬಾದ್ ಮಿಲ್ಲುಗಳು, ಜಪಾನಿನವರು ಆ ಜಾಗ ತುಂಬಿದರು. ಆಮದು ಸುಂಕ ಏರಿತು. ಇಲ್ಲಿ ಯಂತ್ರಗಳು ಹಳೆಯವೇ ಉಳಿದವು. 1958ರಲ್ಲಿ ಮೊದಲ ಸಲ ಬ್ರಿಟನ್ನಿನ ಹತ್ತಿ ಬಟ್ಟೆಯ ಆಮದು ರಫ್ತನ್ನು ಮೀರಿತು. ಮರುವರ್ಷ ಯಂತ್ರ ಗುಜರಿಗೆ ಹಾಕಲು ಸರ್ಕಾರವೇ ದುಡ್ಡು ಕೊಟ್ಟಿತು.

ಅದೇ ಹೊತ್ತಿಗೆ ಪಾಕಿಸ್ತಾನದ ಮೀರ್‌ಪುರ, ನಮ್ಮ ದೇಶದ ಗುಜರಾತ್, ಈಗಿನ ಬಾಂಗ್ಲಾದೇಶದಿಂದ ಜನ ಬಂದು ಇಲ್ಲಿಯವರು ಬೇಡ ಅಂದ ರಾತ್ರಿ ಪಾಳಿ ಹಿಡಿದರು. ಮಂಗ್ಲಾ ಅಣೆಕಟ್ಟಿಗೆ ಮೀರ್‌ಪುರದ ಕಡೆ 1 ಲಕ್ಷಕ್ಕೂ ಹೆಚ್ಚು ಜನ ಮನೆ ಕಳೆದುಕೊಂಡಿದ್ದರು. ಮಿಲ್ಲುಗಳ ಕೊನೆಯ ಇಪ್ಪತ್ತು ಮೂವತ್ತು ವರ್ಷಗಳ ನೆನಪು ಇವರ ಹತ್ತಿರ ಇದೆ, ಪಂಜಾಬಿ, ಗುಜರಾತಿ, ಬಂಗಾಳಿಯಲ್ಲಿ. ಮಿಲ್ ಹಳ್ಳಿಯ ಇತಿಹಾಸ ಅಂದಾಗ ಇವರನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಆ ಕಟ್ಟಡಗಳು ಈಗ ಏನಾಗಿವೆ?

ಕೆಲವು ಫ್ಲ್ಯಾಟು, ಕೆಲವು ಆಫೀಸು, ಎಷ್ಟೋ ಬೆಂಕಿಗೆ ಹೋದವು. ಸಾಲ್ಟ್ಸ್ ಮಿಲ್ 1986ರಲ್ಲಿ ನಿಂತಿತು. ಮರುವರ್ಷ ಜೊನಾಥನ್ ಸಿಲ್ವರ್ ಅದನ್ನು ಕೊಂಡು ಬ್ರ್ಯಾಡ್‌ಫರ್ಡ್‌ನವರೇ ಆದ ಡೇವಿಡ್ ಹಾಕ್ನಿ ಚಿತ್ರಗಳ ಗ್ಯಾಲರಿ ಮಾಡಿದರು. 2001ರಲ್ಲಿ ಊರು ಯುನೆಸ್ಕೋ ಪಟ್ಟಿ ಸೇರಿತು.

ಹಿರಿಯರ ನೆನಪನ್ನು ಎಷ್ಟು ನಂಬಬಹುದು? ಅವರನ್ನು ಹೇಗೆ ಮಾತಾಡಿಸಬೇಕು?

ಇಸವಿ ತಪ್ಪಬಹುದು. ಕೈ ಮಾಡಿದ ಕೆಲಸ ತಪ್ಪುವುದಿಲ್ಲ. ‘ಜೀವನ ಹೇಗಿತ್ತು?’ ಅಂತ ಕೇಳಿದರೆ ‘ಚೆನ್ನಾಗಿತ್ತು’ ಅಂತ ಸುಮ್ನೆ ಮುಗಿಸುತ್ತಾರೆ. ‘ಊಟದ ಡಬ್ಬಿ ಎಲ್ಲಿ ಇಡ್ತಿದ್ರಿ?’, ‘ನೂಲು ತುಂಡಾದರೆ ಹೇಗೆ ಗಂಟು ಹಾಕ್ತಿದ್ರಿ?’ ಅಂತ ಕೇಳಿ ನೋಡಿ. ನಮ್ಮ ಬೀದಿಯ ಅಜ್ಜಿ ಗಂಟಿನ ಮಾತು ಬಂದ ಕೂಡಲೇ ಎಡಗೈ ಹೆಬ್ಬೆರಳು, ತೋರುಬೆರಳು ಕೂಡಿಸಿ ಗಾಳಿಯಲ್ಲೇ ನೇಕಾರರ ಗಂಟು ಹಾಕಿ ತೋರಿಸಿದರು. ಎಳೆ ಇಲ್ಲ, ಆದರೂ ಕೊನೆಗೆ ಕತ್ತರಿಸುವ ತನಕ ಕೈ ನಿಲ್ಲಲಿಲ್ಲ.

ಮಾತಿನ ಬಗ್ಗೆಯೂ ಒಂದು ಸಣ್ಣ ಎಚ್ಚರಿಕೆ. ಹಳಬರು ‘ದೀ’, ‘ದಾ’ ಅಂದರೆ ಅದು ಸಲಿಗೆಯ ‘ನೀನು’. ಬೈಗುಳ ಅಲ್ಲ. ‘ಗಿನ್ನೆಲ್’ ಅಂದರೆ ಸಂದಿ. ‘ಲೇಕಿಂಗ್’ ಅಂದರೆ ಆಟ ಆಡುವುದು. ಮಿಲ್ಲಿನಲ್ಲಿ ಕೆಲಸ ಇಲ್ಲದೆ ಮನೆಯಲ್ಲಿ ಕೂರುವುದಕ್ಕೂ ಅದೇ ಮಾತು. ಅಪ್ಪ ಆ ಚಳಿಗಾಲವೆಲ್ಲ ಆಡುತ್ತಿದ್ದರು ಅಂತ ಯಾರಾದರೂ ಹೇಳಿದರೆ ಮನೆಯಲ್ಲಿ ಒಲೆ ಉರಿಯುತ್ತಿತ್ತಾ ಅಂತ ಕೇಳಿ.

ನಾನಿರುವ ಮನೆಯಲ್ಲಿ ಹಿಂದೆ ಯಾರಿದ್ದರು ಅಂತ ತಿಳಿಯಬಹುದಾ?

ಖಂಡಿತ. ಇಲ್ಲಿಯ ಜನಗಣತಿಯಲ್ಲಿ 1841ರಿಂದ ಮನೆಮನೆಯ ಹೆಸರು, ವಯಸ್ಸು, ಕೆಲಸ ಬರೆದಿದ್ದಾರೆ. ನೂರು ವರ್ಷ ಆದ ಮೇಲೆ ತೆರೆಯುತ್ತಾರೆ. ಈಗ 1921ರವರೆಗೆ ನೋಡಬಹುದು. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಆಗಲಿಲ್ಲ. ಆ ತೆರವಿಗೆ 1939ರ ರಿಜಿಸ್ಟರ್, ಅಂದರೆ ಯುದ್ಧ ಶುರುವಾದಾಗ ಬರೆದ ಜನರ ಪಟ್ಟಿ, ಇದೆ. ದುಡ್ಡು ಕೊಡುವ ಮುಂಚೆ ಹತ್ತಿರದ ಲೈಬ್ರರಿಗೆ ಹೋಗಿ, ಬಹಳ ಕಡೆ ಅಲ್ಲಿಯ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುತ್ತದೆ. ಬೀದಿಯ ಹೆಸರು, ಮನೆ ನಂಬರ್ ಬದಲಾಗಿರಬಹುದು. ಹಳೆ ನಕ್ಷೆಯನ್ನು ಪಕ್ಕದಲ್ಲಿ ಇಟ್ಟುಕೊಂಡು, ಬೀದಿಯ ಮೂಲೆಯ ಪಬ್ಬೋ ಚರ್ಚೋ ಹಿಡಿದು ಮನೆ ಎಣಿಸುತ್ತ ಬನ್ನಿ.

ನಾನು ನಮ್ಮ ಮನೆಯನ್ನು ಹಾಗೆಯೇ ಹುಡುಕಿದೆ. 1881ರ ಪುಟದಲ್ಲಿ ಈ ಮನೆಗೆ ಏಳು ಜನ. ಅಪ್ಪ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೂಲಿ. ಅಮ್ಮನ ಹೆಸರಿನ ಮುಂದೆ ಕೆಲಸದ ಕಾಲಂ ಖಾಲಿ. ದೊಡ್ಡ ಮಗಳು ನೇಕಾರ್ತಿ. ಮೂರನೆಯವಳಿಗೆ ಹತ್ತು ವರ್ಷ. ಅವಳ ಮುಂದೆ ಗಣತಿಯವನು ಮೊದಲು ‘ಶಾಲೆ’ ಅಂತ ಬರೆದಿದ್ದಾನೆ. ಆಮೇಲೆ ಅದರ ಪಕ್ಕ, ಸ್ವಲ್ಪ ಚಿಕ್ಕ ಅಕ್ಷರದಲ್ಲಿ, ‘ಮತ್ತು ಹತ್ತಿ ಮಿಲ್ಲು, ಹಾಫ್ ಟೈಮ್’ ಅಂತ ಸೇರಿಸಿದ್ದಾನೆ.